ಕೊಡೆಯ ಅಳತೆ

ಪ್ಯಾರಾಚೂಟಿನ ಹೆಸರೆತ್ತಿದೊಡನೆ ಕೇಳುವವರ ನಾಲಗೆಯ ಮೇಲೆ ಬರುವ ಪ್ರಶ್ನೆ ಒಂದೇ: ‘ಕೊಡೆ ಬಿಚ್ಚಿಕೊಳ್ಳದೆ ಹೋದರೆ?’ ವಿಮಾನದ ಬಾಗಿಲಿನಿಂದ ಶೂನ್ಯಕ್ಕೆ ಕಾಲಿಡುವವನ ಬೆನ್ನಿನ ಮೇಲಿರುವುದು ಬಟ್ಟೆಯ ಒಂದು ಗಂಟು. ಅದು ಬಿಚ್ಚಿಕೊಂಡರೆ ಬದುಕು, ಬಿಚ್ಚಿಕೊಳ್ಳದಿದ್ದರೆ ಸಾವು. ನೆಲದ ಮೇಲೆ ನಿಂತು ಕತ್ತೆತ್ತಿ ನೋಡುವವರ ಲೆಕ್ಕ ಇಷ್ಟೆ. ಧುಮುಕುವವನೂ ಮೊದಮೊದಲು ಹೀಗೆಯೇ ಭಾವಿಸುವುದುಂಟು. ತಲೆಯ ಮೇಲೆ ಬಣ್ಣದ ಕೊಡೆ ಅರಳಿದ ಕೂಡಲೆ, ಗೆದ್ದೆನೆಂದು ನಿಟ್ಟುಸಿರು ಬಿಡುವನು. ಆದರೆ ಅವನ ಕಾಲು ಇನ್ನೂ ನೆಲಕ್ಕೆ ತಾಗಿಲ್ಲವೆಂಬುದನ್ನು ಆ ಕ್ಷಣದಲ್ಲಿ ಮರೆತಿರುತ್ತಾನೆ.

ಈ ವಿದ್ಯೆಯ ಚರಿತ್ರೆಯಲ್ಲಿ ಈ ಪಾಠ ಬಹು ಹಿಂದೆಯೇ ಸಿಕ್ಕಿತ್ತು. 1919ನೆಯ ಇಸವಿ ಏಪ್ರಿಲ್ 28ರಂದು ಅಮೆರಿಕದ ಓಹೈಯೊ ಪ್ರಾಂತದ ಡೇಟನ್ ನಗರದ ಬಳಿ, ಮೆಕುಕ್ ವಿಮಾನ ಮೈದಾನದ ಮೇಲೆ, ಲೆಸ್ಲಿ ಅರ್ವಿನ್ ಎಂಬ ಸಾಹಸಿ ಸುಮಾರು 1500 ಅಡಿ ಎತ್ತರದಲ್ಲಿ ವಿಮಾನದಿಂದ ಹೊರಕ್ಕೆ ಹಾರಿದನು. ಅದುವರೆಗಿನ ಬಹುಪಾಲು ಕೊಡೆಗಳನ್ನು ಬಲೂನಿಗೋ ವಿಮಾನಕ್ಕೋ ಕಟ್ಟಿದ ಹಗ್ಗ ಎಳೆದು ಬಿಚ್ಚುತ್ತಿತ್ತು. ಬರಿಯ ಗಾಳಿಯಲ್ಲಿ ಬೀಳುತ್ತಿರುವ ಮನುಷ್ಯನಿಗೆ ಕೈಯಾಡಿಸುವಷ್ಟು ಪ್ರಜ್ಞೆ ಉಳಿಯದೆಂದು ಹಲವರು ನಂಬಿದ್ದ ಕಾಲವದು. ಅರ್ವಿನ್ ಬೀಳುತ್ತಲೇ ಹಿಡಿಕೆಯನ್ನು ತಾನೇ ಎಳೆದನು. ಕೊಡೆ ಸೊಗಸಾಗಿ ಬಿಚ್ಚಿಕೊಂಡಿತು. ಒಂದು ದೊಡ್ಡ ನಂಬಿಕೆ ಅಂದಿಗೆ ಸುಳ್ಳಾಯಿತು. ಆದರೆ ನೆಲ ಮುಟ್ಟುವಾಗ ಅವನ ಕಾಲಿನ ಗೆಣ್ಣು ಮುರಿಯಿತು. ಕೊಡೆ ತನ್ನ ಕೆಲಸವನ್ನು ಪೂರೈಸಿತ್ತು. ಇಳಿಯುವವನ ಕೆಲಸ ಇನ್ನೂ ಬಾಕಿ ಇತ್ತು.

ಕೊಡೆಯ ವಿಷಯವಾದ ಭಯಕ್ಕೂ ಒಂದು ಕಾಲದಲ್ಲಿ ಕಾರಣವಿಲ್ಲದಿರಲಿಲ್ಲ. 1797ರ ಅಕ್ಟೋಬರ್ 22ರಂದು ಪ್ಯಾರಿಸ್ಸಿನಲ್ಲಿ ಆಂದ್ರೆ ಜಾಕ್ ಗಾರ್ನೆರಿನ್ ಬಲೂನಿನಿಂದ ಸುಮಾರು 3000 ಅಡಿ ಎತ್ತರದಲ್ಲಿ ಬೇರ್ಪಟ್ಟು, ಬಟ್ಟೆಯ ಕೊಡೆಯ ಕೆಳಗಿನ ಬುಟ್ಟಿಯಲ್ಲಿ ನಿಂತು ಇಳಿದನು. ಕೊಡೆಯ ನೆತ್ತಿಯಲ್ಲಿ ಗಾಳಿ ಹೊರಹೋಗಲು ಕಿಂಡಿಯಿರಲಿಲ್ಲವಾಗಿ, ಬುಟ್ಟಿಯು ಗಡಿಯಾರದ ಲೋಲಕದಂತೆ ತೂಗಾಡಿತು. ನೋಡುತ್ತಿದ್ದ ಜನ ಕಂಗಾಲಾದರು, ಅವನು ಬದುಕಿದನು. 1912ರ ಫೆಬ್ರವರಿ 4ರಂದು ಅದೇ ಪ್ಯಾರಿಸ್ಸಿನಲ್ಲಿ ಫ್ರಾಂಜ್ ರೈಷೆಲ್ಟ್ ಎಂಬ ದರ್ಜಿ, ತಾನೇ ಹೊಲಿದ ಕೊಡೆಯಂಗಿಯನ್ನು ತೊಟ್ಟು ಐಫೆಲ್ ಗೋಪುರದ ಮೊದಲ ಅಂತಸ್ತಿನಿಂದ ಧುಮುಕಿದನು. ಗೊಂಬೆಗೆ ತೊಡಿಸಿ ಪರೀಕ್ಷಿಸುವುದಾಗಿ ಹೇಳಿ ಅನುಮತಿ ಪಡೆದಿದ್ದವನು, ಕೊನೆಯ ಗಳಿಗೆಯಲ್ಲಿ ತಾನೇ ನಿಂತನು. ಸ್ನೇಹಿತರು ಬೇಡವೆಂದರು, ಕೇಳಲಿಲ್ಲ. ಅಂಗಿ ಅರಳಲಿಲ್ಲ, 57 ಮೀಟರು ಕೆಳಗೆ ಅವನ ಕಥೆ ಮುಗಿಯಿತು. ತನ್ನ ಸಾಮಗ್ರಿಯ ಮೇಲೆ ಮಮತೆಯಿಟ್ಟು, ಅದನ್ನು ಅಳೆದು ನೋಡದವನ ದುರಂತವದು.

ಅಂದಿನಿಂದ ಇಂದಿಗೆ ಕೊಡೆಯ ರೂಪವೇ ಬದಲಾಗಿದೆ. ಮನರಂಜನೆಗಾಗಿ ಧುಮುಕುವವರು ಈಗ ಬಳಸುವುದು ಗುಂಡಗಿನ ಕೊಡೆಯನ್ನಲ್ಲ, ಚೌಕ ಹಾಸಿಗೆಯಂತೆ ಕಾಣುವ ಬಟ್ಟೆಯ ರೆಕ್ಕೆಯನ್ನು. ಗಾಳಿಪಟಗಳನ್ನು ರಚಿಸುತ್ತಿದ್ದ ಡೊಮಿನ ಜಾಲ್ಬರ್ಟ್ ಎಂಬಾತ 1960ರ ದಶಕದಲ್ಲಿ ಇದರ ಮೂಲರೂಪವನ್ನು ಕಂಡುಹಿಡಿದನು. ಎರಡು ಪದರ ಬಟ್ಟೆಯ ನಡುವೆ ಉದ್ದುದ್ದ ಕೋಣೆಗಳು. ಮುಂದಿನ ಬಾಯಿಯಿಂದ ಗಾಳಿ ನುಗ್ಗಿ ಅವು ಉಬ್ಬುತ್ತವೆ. ಉಬ್ಬಿದ ಬಟ್ಟೆ ವಿಮಾನದ ರೆಕ್ಕೆಯಂತೆ ಗಾಳಿಯನ್ನು ಸೀಳಿ ಮುಂದೆ ಸಾಗುತ್ತದೆ. ಹಳೆಯ ಕೊಡೆಯಲ್ಲಿ ಮನುಷ್ಯ ಇಳಿಯುತ್ತಿದ್ದನು; ಇದರಲ್ಲಿ ಹಾರುತ್ತಾನೆ. ಎಡಗೈಯ ಹಿಡಿಕೆಯನ್ನು ಎಳೆದರೆ ಎಡಕ್ಕೆ ತಿರುಗುವುದು, ಬಲಗೈಯದನ್ನು ಎಳೆದರೆ ಬಲಕ್ಕೆ. ನೆಲದ ಸಮೀಪ ಎರಡನ್ನೂ ಒಟ್ಟಿಗೆ ಎಳೆದರೆ, ಹಕ್ಕಿ ಕೊಂಬೆಯ ಮೇಲೆ ಕೂರುವ ಮುನ್ನ ರೆಕ್ಕೆ ಹರಡಿ ತಡೆಯುವಂತೆ, ಕೊಡೆಯ ವೇಗ ಕುಂದಿ ಕಾಲು ಮೆಲ್ಲನೆ ನೆಲಕ್ಕೆ ತಾಗುವುದು.

ಬೆನ್ನಿನ ಚೀಲದಲ್ಲಿ ಇಂಥ ಕೊಡೆ ಒಂದಲ್ಲ, ಎರಡು: ನಿತ್ಯದ ಕೊಡೆ ಒಂದು, ಆಪತ್ಕಾಲದ ಕೊಡೆ ಇನ್ನೊಂದು. ಮೊದಲನೆಯದು ಸಿಕ್ಕುಬಿದ್ದರೆ ಅದನ್ನು ಕಳಚಿ ಎಸೆದು ಎರಡನೆಯದನ್ನು ಬಿಚ್ಚಬೇಕು. ಕಳಚುವ ಕೆಲಸವನ್ನು ಸುಲಭಗೊಳಿಸಿದವನು ಬಿಲ್ ಬೂತ್. 1970ರ ದಶಕದಲ್ಲಿ ಅವನು ರೂಪಿಸಿದ ಮೂರು ಉಂಗುರಗಳ ಜೋಡಣೆಯಲ್ಲಿ ದೊಡ್ಡ ಉಂಗುರದ ಭಾರವನ್ನು ನಡುವಿನದು, ಅದರ ಭಾರವನ್ನು ಚಿಕ್ಕದು ಹೊತ್ತು, ಕೊನೆಯಲ್ಲಿ ಒಂದು ಸಣ್ಣ ತಂತಿಯ ಮೇಲೆ ಬೀಳುವ ಬಲ ಅತ್ಯಲ್ಪವಾಗುತ್ತದೆ. ಒಂದು ಹಿಡಿಕೆ ಎಳೆದರೆ ತಂತಿ ಜಾರಿ ಇಡೀ ಕೊಡೆ ಕಳಚಿಹೋಗುತ್ತದೆ. ಇನ್ನು, ಧುಮುಕಿದವನು ಮೂರ್ಛೆಹೋದರೆ? ಅದಕ್ಕೂ 1991ರಲ್ಲಿ ಜರ್ಮನಿಯ ಹೆಲ್ಮುಟ್ ಕ್ಲೋತ್ ‘ಸೈಪ್ರೆಸ್’ ಎಂಬ ಪುಟ್ಟ ಯಂತ್ರವನ್ನು ಹೊರತಂದನು. ಗಾಳಿಯ ಒತ್ತಡದಿಂದ ಎತ್ತರವನ್ನೂ ವೇಗವನ್ನೂ ಅದು ಅಳೆಯುತ್ತಿರುತ್ತದೆ. ಸುಮಾರು 750 ಅಡಿಯವರೆಗೆ ಬಂದರೂ ಮನುಷ್ಯ ಕಲ್ಲಿನಂತೆ ಬೀಳುತ್ತಲೇ ಇದ್ದರೆ, ಆಪತ್ಕಾಲದ ಕೊಡೆಯನ್ನು ಮುಚ್ಚಿಟ್ಟ ದಾರವನ್ನು ತಾನಾಗಿಯೇ ಕತ್ತರಿಸುತ್ತದೆ.

ಇಷ್ಟೆಲ್ಲ ಕಾವಲಿದ್ದ ಮೇಲೆ ಸಾವಿಗೆ ದಾರಿ ಎಲ್ಲಿಯದೆಂದು ಕೇಳಬಹುದು. ಉತ್ತರ ವಿಚಿತ್ರವಾಗಿದೆ. ಇತ್ತೀಚಿನ ದಶಕಗಳಲ್ಲಿ ಈ ಆಟದಲ್ಲಿ ಪ್ರಾಣ ಕಳೆದುಕೊಂಡವರಲ್ಲಿ ಗಣನೀಯ ಪಾಲು ಜನರ ಕೊಡೆಗಳು ಚೆನ್ನಾಗಿ ಬಿಚ್ಚಿಕೊಂಡಿದ್ದವು. ಅವುಗಳಲ್ಲಿ ದೋಷವೇನೂ ಇರಲಿಲ್ಲ. ಅವರು ಸತ್ತದ್ದು ಕೊನೆಯ ಇನ್ನೂರು ಮುನ್ನೂರು ಅಡಿಗಳಲ್ಲಿ, ತಮ್ಮ ಕೈಯಾರೆ ತಿರುಗಿಸಿದ ಕೊಡೆಯ ಕೆಳಗೆ. ಆ ಕೊಡೆ ಅವರ ಕೈಗೆ ಮೀರಿದ ವೇಗದ್ದಾಗಿತ್ತು, ಅಥವಾ ಕೈ ಆ ಕೊಡೆಗೆ ಇನ್ನೂ ಪಳಗಿರಲಿಲ್ಲ.

ಅಮೆರಿಕದ ಒಂದು ಧುಮುಕುವ ಮೈದಾನದಲ್ಲಿ ನಿಂತಿರುವ ಒಬ್ಬ ತರುಣನನ್ನು ಇಲ್ಲಿ ಕಲ್ಪಿಸಿಕೊಳ್ಳಬಹುದು. ಅಂಥವರು ಪ್ರತಿಯೊಂದು ಮೈದಾನದಲ್ಲಿಯೂ ಇರುತ್ತಾರೆ. ಅವನು ಅರುವತ್ತು ಸಲ ಧುಮುಕಿದ್ದಾನೆ. 13,000 ಅಡಿಯಿಂದ ಹಾರಿ, ಗಂಟೆಗೆ ಸುಮಾರು 120 ಮೈಲಿಯ ವೇಗದಲ್ಲಿ ಒಂದು ನಿಮಿಷ ಗಾಳಿಯ ಮೇಲೆ ಮಲಗಿ ಬಂದವನು. ಅಲ್ಲಿಯ ಪ್ಯಾರಾಚೂಟ್ ಸಂಘದ ಕ್ರಮದಂತೆ 25 ಧುಮುಕುಗಳಿಗೆ ಮೊದಲ ದರ್ಜೆಯ ಪತ್ರ, 50ಕ್ಕೆ ಎರಡನೆಯದು, 200ಕ್ಕೆ ಮೂರನೆಯದು, 500ಕ್ಕೆ ನಾಲ್ಕನೆಯದು. ಎಣಿಕೆಯೊಂದೇ ಸಾಲದು, ಗುರಿಯ ಸಮೀಪ ಇಳಿಯುವುದೇ ಮುಂತಾದ ಪರೀಕ್ಷೆಗಳೂ ಉಂಟು. ತರುಣನಿಗೆ ಎರಡನೆಯ ಪತ್ರ ಕೈಗೆ ಬಂದಿದೆ. ಇಷ್ಟು ದಿನ ಬಾಡಿಗೆಯ ದೊಡ್ಡ ಕೊಡೆಯಲ್ಲಿ ಇಳಿಯುತ್ತಿದ್ದವನಿಗೆ ಈಗ ಸ್ವಂತದ್ದೊಂದು ಬೇಕಾಗಿದೆ. ಮೈದಾನದ ಹಿರಿಯ ಆಟಗಾರರು ಚಿಕ್ಕ ಕೊಡೆಗಳಲ್ಲಿ ಸೊಯ್ಯೆಂದು ಬಂದು, ಹುಲ್ಲಿನ ಮೇಲೆ ಮೊಣಕಾಲೆತ್ತರದಲ್ಲಿ ಬಾಣದಂತೆ ಸಾಗಿ ನಿಲ್ಲುವುದನ್ನು ಅವನು ಬಾಯಿಬಿಟ್ಟು ನೋಡಿದ್ದಾನೆ. ಯಾರೋ ಮಾರಾಟಕ್ಕಿಟ್ಟ 120 ಚದರಡಿಯ ಕೊಡೆಯ ಮೇಲೆ ಅವನ ಕಣ್ಣು.

ಪ್ಯಾರಾಚೂಟುಗಳನ್ನು ಮಡಿಸಿ, ಹೊಲಿದು, ಪರೀಕ್ಷಿಸಲು ಸರ್ಕಾರದ ಪತ್ರ ಪಡೆದ ಕುಶಲಿಗೆ ಅಲ್ಲಿ ರಿಗ್ಗರ್ ಎಂದು ಹೆಸರು. ತರುಣನು ಹೋಗಿ ನಿಲ್ಲುವುದು ಅಂಥ ಒಬ್ಬ ಮುದುಕನ ಮೇಜಿನ ಮುಂದೆ.

“ನಿನ್ನ ತೂಕ ಎಷ್ಟು?” ಎಂದು ಮುದುಕ ಕೇಳುವನು.

“160 ಪೌಂಡು.”

“ಸಾಮಗ್ರಿಯೆಲ್ಲ ಸೇರಿ?”

“ಅದಕ್ಕೆ ಒಂದು 25 ಸೇರಿಸಿರಿ.”

ಮುದುಕ ಚೀಟಿಯ ಮೇಲೆ ಲೆಕ್ಕ ಬರೆಯುವನು. 185 ಪೌಂಡನ್ನು 190 ಚದರಡಿ ಹೊತ್ತರೆ ಪ್ರತಿ ಚದರಡಿಯ ಪಾಲಿಗೆ ಒಂದು ಪೌಂಡಿಗಿಂತ ತುಸು ಕಡಮೆ. ಅದನ್ನೇ 120 ಚದರಡಿ ಹೊತ್ತರೆ ಒಂದೂವರೆ ಪೌಂಡಿಗೂ ಮಿಗಿಲು. ಈ ಆಟದ ಮರ್ಮವೆಲ್ಲ ಈ ಒಂದು ಭಾಗಾಕಾರದಲ್ಲಿ ಅಡಗಿದೆ. ಹೊರೆಯ ಪ್ರಮಾಣ ಹೆಚ್ಚಿದಂತೆ ಕೊಡೆಯ ವೇಗ ಹೆಚ್ಚುವುದು. 190ರಿಂದ 120ಕ್ಕೆ ಇಳಿದರೆ ವೇಗ ಸುಮಾರು ಕಾಲುಪಾಲು ಏರುತ್ತದೆ. ವೇಗ ಕಾಲುಪಾಲು ಏರಿದರೆ ನೆಲಕ್ಕೆ ಬಡಿಯುವ ಶಕ್ತಿ ಒಂದೂವರೆಪಟ್ಟಿಗಿಂತ ಹೆಚ್ಚಾಗುತ್ತದೆ. ಚಿಕ್ಕ ಕೊಡೆಯ ಹಗ್ಗಗಳೂ ಮೋಟು. ಆದುದರಿಂದ ಕೈ ಸ್ವಲ್ಪ ಅಲುಗಿದರೂ ಅದು ಥಟ್ಟನೆ ತಿರುಗುವುದು. ತಿರುಗುವಾಗ ತಲೆಕೆಳಗಾದ ಹದ್ದಿನಂತೆ ನೆಲದತ್ತ ಎರಗುವುದು.

“ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂಬ ಕನ್ನಡದ ಗಾದೆ ಮುದುಕನಿಗೆ ತಿಳಿದಿರಲಾರದು. ತಿಳಿದಿದ್ದರೆ ಅದನ್ನು ಇಲ್ಲಿ ಹೇಳದೆ ಬಿಡುತ್ತಿರಲಿಲ್ಲ. ಬಟ್ಟೆ ಇದ್ದಷ್ಟಕ್ಕೆ ಕಾಲನ್ನು ಮಡಿಸಿಕೊಳ್ಳಬಹುದು; ಮನುಷ್ಯನ ಭಾರವನ್ನು ಮಡಿಸಿಕೊಳ್ಳಲು ಬರುವುದಿಲ್ಲ. ಆದಕಾರಣ ಕಾಲಿಗೆ ತಕ್ಕ ಹಾಸಿಗೆಯನ್ನೇ ಹುಡುಕಬೇಕು.

ಇದಕ್ಕೆ ಅನುಭವಿಗಳು ಒಂದು ಸುಲಭ ಸೂತ್ರವನ್ನು ಕಟ್ಟಿಕೊಟ್ಟಿದ್ದಾರೆ. ಕೊಡೆ ಹಾರಿಸುವ ಕಲೆಯನ್ನು ಕುರಿತು ಪಾಠ ಹೇಳುವ ಬ್ರಯನ್ ಜರ್ಮೇನ್ ಎಂಬಾತನ ಪಟ್ಟಿಯ ಸಾರವಿದು: ಮೊದಲ ನೂರು ಧುಮುಕುಗಳವರೆಗೆ ಚದರಡಿಗೆ ಒಂದು ಪೌಂಡನ್ನು ಮೀರಬಾರದು, ಆ ಬಳಿಕ ಪ್ರತಿ ನೂರು ಧುಮುಕುಗಳಿಗೆ ಹತ್ತನೆಯ ಒಂದು ಪೌಂಡನ್ನು ಏರಿಸಿಕೊಳ್ಳಬಹುದು. ಈ ಲೆಕ್ಕದಲ್ಲಿ ತರುಣನು ಕಣ್ಣಿಟ್ಟ ಕೊಡೆಗೆ ಐನೂರಕ್ಕೂ ಹೆಚ್ಚು ಧುಮುಕುಗಳ ಅನುಭವ ಬೇಕು. ಅವನಲ್ಲಿರುವುದು ಅರುವತ್ತು.

“ನಾನು ಜಾಗರೂಕನಾಗಿ ಹಾರಿಸುತ್ತೇನೆ,” ಎಂದು ತರುಣ ಹೇಳುವನು. ಎಲ್ಲ ತರುಣರೂ ಇದನ್ನೇ ಹೇಳುತ್ತಾರೆ.

“ಶಾಂತವಾದ ದಿನ ಎಲ್ಲರೂ ಜಾಗರೂಕರೇ,” ಎಂದು ಮುದುಕ ಉತ್ತರ ಕೊಡುವನು. “ಕೊಡೆಯನ್ನು ಒಳ್ಳೆಯ ದಿನಕ್ಕೆಂದು ಕೊಳ್ಳುವುದಲ್ಲ, ಕೆಟ್ಟ ದಿನಕ್ಕೆಂದು ಕೊಳ್ಳಬೇಕು.”

ಕೆಟ್ಟ ದಿನವೆಂದರೆ ಎಂಥದು? ಗಾಳಿ ದಿಕ್ಕು ಬದಲಿಸುವ ದಿನ. ಇಳಿಯಬೇಕಾದ ಬಯಲು ತಪ್ಪಿ ಬೇಲಿಯ ಬಳಿ ಬಂದ ದಿನ. ಇನ್ನೊಬ್ಬನು ದಾರಿಗೆ ಅಡ್ಡ ಬಂದ ದಿನ. ಆಗ ಗಾಬರಿಗೊಂಡವನ ಕೈ ತಾನಾಗಿ ಒಂದು ಹಿಡಿಕೆಯನ್ನು ಪೂರ್ತಿ ಎಳೆದುಬಿಡುತ್ತದೆ. ದೊಡ್ಡ ಕೊಡೆ ಆ ತಪ್ಪನ್ನು ಹಲವು ಸಲ ಕ್ಷಮಿಸುತ್ತದೆ. ಚಿಕ್ಕ ಕೊಡೆಗೆ ಕ್ಷಮೆ ತಿಳಿಯದು. ಗಾಳಿಗೆ ಬೆನ್ನುಕೊಟ್ಟು ನೇರವಾಗಿ ಇಳಿದವನಿಗೆ ಮೈ ಕೈ ತರಚೀತು, ಹೆಚ್ಚೆಂದರೆ ಮೂಳೆ ಮುರಿದೀತು. ಗಾಳಿಗೆ ಮುಖ ಮಾಡಲೇಬೇಕೆಂದು ಐವತ್ತು ಅಡಿ ಎತ್ತರದಲ್ಲಿ ಥಟ್ಟನೆ ತಿರುಗಿದವನಿಗೆ ಪ್ರಾಣವೇ ಹೋದೀತು.

ಹಾಗಾದರೆ ಕಲಿಯಬೇಕಾದುದು ಏನು? ಮೊದಲನೆಯದು, ಬಯಲಿನ ಸುತ್ತ ಇಳಿಯುವ ದಾರಿ. ಸುಮಾರು ಸಾವಿರ ಅಡಿಯಲ್ಲಿ ಗಾಳಿಯೊಡನೆ ಸಾಗಿ, ಆರುನೂರರಲ್ಲಿ ಅಡ್ಡಕ್ಕೆ ತಿರುಗಿ, ಮುನ್ನೂರರಲ್ಲಿ ಗಾಳಿಗೆ ಎದುರಾಗಬೇಕು. ಎಲ್ಲರೂ ಒಂದೇ ದಾರಿ ಹಿಡಿದರೆ ಡಿಕ್ಕಿಯ ಭಯ ಕಡಮೆ. ಎರಡನೆಯದು, ಎರಡೂ ಹಿಡಿಕೆಗಳನ್ನು ಅರ್ಧ ಎಳೆದಿಟ್ಟು, ಎತ್ತರವನ್ನು ಹೆಚ್ಚು ಕಳೆದುಕೊಳ್ಳದೆ ಮೆಲ್ಲನೆ ತಿರುಗುವ ಉಪಾಯ. ಇದನ್ನು ಮೂರು ಸಾವಿರ ಅಡಿಯಲ್ಲಿ ಅವಕಾಶವಿದ್ದಾಗ ನೂರು ಸಲ ಮಾಡಿದ್ದರೆ ಮಾತ್ರ, ನೂರು ಅಡಿಯಲ್ಲಿ ಗಾಬರಿಯಾದಾಗ ಕೈಗೆ ನೆನಪಾಗುವುದು. ಮೂರನೆಯದು, ಯಾವ ಹಂತದಲ್ಲಿ ಹಿಡಿಕೆ ಎಳೆದರೆ ಕೊಡೆ ತಡೆಯುತ್ತದೆ, ಯಾವ ಹಂತ ಮೀರಿದರೆ ಹಾರುವುದನ್ನೇ ಬಿಟ್ಟು ಕುಸಿಯುತ್ತದೆ ಎಂಬ ತಿಳಿವಳಿಕೆ. ಇದು ಒಂದೊಂದು ಕೊಡೆಗೆ ಒಂದೊಂದು ಬಗೆ. ಎತ್ತುಗಳ ಗುಣ ಬೇರೆಬೇರೆಯಾಗಿರುವಂತೆ. ನಾಲ್ಕನೆಯದು, ಬೀಳುವ ವಿದ್ಯೆ. ಕಾಲುಗಳನ್ನು ಜೋಡಿಸಿ, ಪಾದ, ಮೀನಖಂಡ, ತೊಡೆ, ಸೊಂಟ, ಬೆನ್ನಿನ ಪಕ್ಕ, ಹೀಗೆ ಒಂದಾದ ಮೇಲೊಂದು ನೆಲಕ್ಕೆ ತಾಗುವಂತೆ ಉರುಳಿದರೆ, ಒಂದೇ ಮೂಳೆಯ ಮೇಲೆ ಬೀಳಬೇಕಾದ ಪೆಟ್ಟು ಮೈಯೆಲ್ಲಕ್ಕೂ ಹಂಚಿಹೋಗುವುದು.

ಈ ಕೊನೆಯ ವಿದ್ಯೆ ಸೈನಿಕರಿಂದ ಬಂದದ್ದು. ಕನ್ನಡ ನಾಡಿಗೂ ಆ ಪರಂಪರೆಯ ನಂಟುಂಟು: ಭಾರತದ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ; ವಿಮಾನದಿಂದ ಧುಮುಕುವ ಶಿಕ್ಷಣ ಆಗ್ರಾದಲ್ಲಿ ನಡೆಯುತ್ತದೆ. ಗುಂಡು ಕೊಡೆಯಲ್ಲಿ ಇಳಿಯುವ ಸೈನಿಕನಿಗೆ ಉರುಳದೆ ಗತಿಯಿಲ್ಲ. ಚೌಕ ಕೊಡೆಯವನು ನಿಂತೇ ಇಳಿಯಬಲ್ಲನಾದ್ದರಿಂದ ಉರುಳುವುದನ್ನು ಅವಮಾನವೆಂದು ಬಗೆಯುವನು. ಆ ಅಭಿಮಾನಕ್ಕೆ ಕಾಲಿನ ಮೂಳೆಗಳು ಬೆಲೆ ತೆತ್ತಿವೆ.

ಇನ್ನು ಕೊಳ್ಳುವ ಮಾತು. ಬಣ್ಣವನ್ನು ಕೊನೆಗಿಟ್ಟು, ಆಪತ್ಕಾಲದ ಕೊಡೆಯನ್ನು ಮೊದಲು ನೋಡುವುದು ವಿವೇಕ. ಅದರ ಕೆಳಗೆ ಇಳಿಯುವ ದಿನ ಮನುಷ್ಯ ಗಾಯಗೊಂಡಿರಬಹುದು, ಮೂರ್ಛೆಯಲ್ಲಿರಬಹುದು, ಕೆಳಗೆ ಬಯಲಿಲ್ಲದೆ ಮನೆಗಳಿರಬಹುದು. ಅದಕ್ಕಾಗಿ ಅದು ಸಾಕಷ್ಟು ದೊಡ್ಡದಿರಬೇಕು. ಅಮೆರಿಕದಲ್ಲಿ ಅದನ್ನು 180 ದಿನಗಳಿಗೊಮ್ಮೆ ರಿಗ್ಗರನು ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಿಸಿ, ಕೆಂಪು ದಾರಕ್ಕೆ ತನ್ನ ಸೀಸದ ಮುದ್ರೆ ಒತ್ತುವನು. ಬಳಿಕ ಮೈಗೆ ಬಿಗಿಯುವ ಪಟ್ಟಿಗಳು: ಇನ್ನೊಬ್ಬನ ಅಳತೆಗೆ ಹೊಲಿದದ್ದು ಅಗ್ಗಕ್ಕೆ ಸಿಕ್ಕಿತೆಂದು ತಂದರೆ, ಗಾಳಿಯಲ್ಲಿ ಭುಜದಿಂದ ಜಾರಿ, ಎಳೆಯಬೇಕಾದ ಹಿಡಿಕೆ ಕೈಗೆ ಸಿಗದೆ ಹೋದೀತು. ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಹೊಸಬರಲ್ಲಿ ಬಹುಮಂದಿ ಹಾಗೆಯೇ ಮಾಡುತ್ತಾರೆ. ಆದರೆ ಹಣ ಕೊಡುವ ಮುನ್ನ ಹಗ್ಗಗಳು ಸವೆದಿವೆಯೆ, ಬಟ್ಟೆ ಗಾಳಿ ಸೋರುವಷ್ಟು ಹಳತಾಗಿದೆಯೆ, ತಾನಾಗಿ ಬಿಚ್ಚುವ ಯಂತ್ರದ ಆಯುಷ್ಯ ಮುಗಿದಿದೆಯೆ ಎಂದು, ಮಾರುವವನಿಗೆ ಬೇಕಾದವನಲ್ಲದ ರಿಗ್ಗರನಿಂದ ನೋಡಿಸಬೇಕು. ಮಣಿಕಟ್ಟಿನ ಮೇಲೆ ಎತ್ತರ ತೋರಿಸುವ ಮಾಪಕ, ತಲೆಗೆ ಟೋಪ, ಹಗ್ಗ ಸಿಕ್ಕಾದರೆ ಕತ್ತರಿಸಲು ಕೊಕ್ಕೆಯಾಕಾರದ ಸಣ್ಣ ಚಾಕು, ಇವೂ ಇರಬೇಕು. ಟೋಪದ ಮೇಲೆ ಕ್ಯಾಮೆರಾ ಕಟ್ಟಿಕೊಳ್ಳುವ ಆಸೆಯನ್ನು ಇನ್ನೂರು ಧುಮುಕುಗಳು ಕಳೆಯುವವರೆಗೆ ಮುಂದೂಡಬೇಕೆಂದು ಸಂಘದ ಸಲಹೆ. ಚಿತ್ರದ ಚಿಂತೆಯಲ್ಲಿರುವ ಕಣ್ಣಿಗೆ ಮಾಪಕದ ಮುಳ್ಳು ಕಾಣಿಸದು.

ಮೂರು ಉಂಗುರಗಳನ್ನು ರೂಪಿಸಿದ ಬಿಲ್ ಬೂತನೇ ಮನುಷ್ಯ ಸ್ವಭಾವವನ್ನು ಕುರಿತು ಒಂದು ಮಾತು ಹೇಳಿದ್ದಾನೆ. ಅದು ಈ ಆಟದವರ ನಡುವೆ ಅವನ ಹೆಸರಿನ ನಿಯಮವೆಂದೇ ಪ್ರಸಿದ್ಧ. ಸಾಮಗ್ರಿ ಸುರಕ್ಷಿತವಾದಷ್ಟೂ ಧುಮುಕುವವರು ಹೆಚ್ಚು ಹೆಚ್ಚು ಅಪಾಯಕ್ಕೆ ಕೈಹಾಕಿ, ಸಾವಿನ ಪ್ರಮಾಣವನ್ನು ಇದ್ದಲ್ಲಿಯೇ ಇಡುತ್ತಾರೆಂಬುದು ಅದರ ತಾತ್ಪರ್ಯ. ಜೀವವುಳಿಸುವ ಉಪಕರಣವನ್ನು ಕೊಟ್ಟವನ ಬಾಯಿಂದಲೇ ಈ ಮಾತು ಬಂದಿರುವುದರಿಂದ ಇದಕ್ಕೆ ತೂಕ ಹೆಚ್ಚು. ಯಂತ್ರವು ಮೂರ್ಛೆಹೋದವನನ್ನು ಉಳಿಸೀತು. ಆತುರಪಟ್ಟವನನ್ನು ಉಳಿಸುವ ಯಂತ್ರ ಇನ್ನೂ ಹುಟ್ಟಿಲ್ಲ.

ಮೇಜಿನ ಮುಂದೆ ನಿಂತ ತರುಣನು ಏನು ಮಾಡುವನು? ಅನೇಕರು ಇಲ್ಲಿ ಮುನಿಸಿಕೊಂಡು, ಪ್ರಶ್ನೆ ಕೇಳದೆ ಮಾರುವವರನ್ನು ಹುಡುಕಿಕೊಂಡು ಹೋಗುತ್ತಾರೆ. ಈ ತರುಣ, ಹಣದ ಕೊರತೆಯಿಂದಲೋ ಮುದುಕನ ಮೇಲಿನ ದಾಕ್ಷಿಣ್ಯದಿಂದಲೋ, 190 ಚದರಡಿಯ ಹಳೆಯ ಕೊಡೆಯೊಂದನ್ನೇ ಕೊಂಡನೆನ್ನೋಣ. ಅದರ ಬಣ್ಣ ಮಾಸಿದೆ. ಗೆಳೆಯರು ಅದನ್ನು ಮದುವೆ ಚಪ್ಪರವೆಂದು ಹಾಸ್ಯಮಾಡುತ್ತಾರೆ. ಅವರು ಎಂದೋ ಇಳಿದು ಚಹಾ ಕುಡಿಯುತ್ತಿರುವಾಗ ಇವನು ಇನ್ನೂ ಮೇಲೆ ತೇಲುತ್ತಿರುತ್ತಾನೆ.

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಗಾಳಿ ಏಕಾಏಕಿ ದಿಕ್ಕು ಬದಲಿಸುತ್ತದೆ. ಮುನ್ನೂರು ಅಡಿಯಲ್ಲಿ ತಿರುಗಿ ಕೆಳಗೆ ನೋಡಿದರೆ, ಬಯಲಿನಲ್ಲಿ ಅವನು ಇಳಿಯಬೇಕೆಂದಿದ್ದ ಜಾಗದಲ್ಲಿಯೇ ಇನ್ನೊಬ್ಬನು ಬಿದ್ದ ಕೊಡೆಯನ್ನು ಎತ್ತಿಕೊಳ್ಳುತ್ತಿದ್ದಾನೆ. ಬಲಗಡೆ ತಂತಿಬೇಲಿ. ಬಲಗೈ ಒಮ್ಮೆ ಬಿಗಿಯುತ್ತದೆ. ಬಳಿಕ, ಮೂರು ಸಾವಿರ ಅಡಿಯಲ್ಲಿ ಎಷ್ಟೋ ಸಲ ಮಾಡಿದ್ದನ್ನು ನೆನಪಿಸಿಕೊಂಡಂತೆ ಎರಡೂ ಕೈಗಳು ಅರ್ಧಕ್ಕೆ ಇಳಿಯುತ್ತವೆ. ಚಪ್ಪರದಂಥ ಕೊಡೆ ಅವಸರವಿಲ್ಲದೆ ಎಡಕ್ಕೆ ಹೊರಳುತ್ತದೆ. ಗಾಳಿಗೆ ಅಡ್ಡಲಾಗಿ ನೆಲ ಬರುತ್ತದೆ. ಅವನು ಎರಡು ಹೆಜ್ಜೆ ತಡವರಿಸಿ, ನಿಲ್ಲಲು ಹಟ ಹಿಡಿಯದೆ, ಮಗ್ಗುಲಾಗಿ ಉರುಳುತ್ತಾನೆ.

ಎದ್ದು ಮಣ್ಣು ಕೊಡವಿ, ಬಟ್ಟೆಯನ್ನು ಎರಡು ತೋಳುಗಳಲ್ಲಿ ತುಂಬಿಕೊಂಡು ಬರುವಾಗ ಅವನ ಮೊಣಕೈ ತರಚಿದೆ. ಅದಕ್ಕಿಂತ ಹೆಚ್ಚಿನದೇನೂ ಆಗಿಲ್ಲ. ಮುದುಕ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಾನೆ, ಹೊಗಳುವುದಿಲ್ಲ.

“ಹಗ್ಗ ಸಿಕ್ಕಾಗಿದೆಯೇನೋ ನೋಡಿ ಮಡಿಸು,” ಎಂದಷ್ಟೆ ಹೇಳಿ ಒಳಗೆ ಹೋಗುತ್ತಾನೆ.

ತರುಣ ಚಾಪೆಯ ಮೇಲೆ ಮಂಡಿಯೂರಿ, ಹಗ್ಗಗಳನ್ನು ಒಂದೊಂದಾಗಿ ಬೆರಳಿನಲ್ಲಿ ಹಿಡಿದು ಎಣಿಸತೊಡಗುತ್ತಾನೆ. ಆ ಹಳೆಯ ಕೊಡೆ ಅವನಿಗೆ ಅಂದು ಮೊದಲ ಸಲ ಸರಿಯಾದ ಅಳತೆಯದೆಂದು ಕಾಣುತ್ತದೆ.